ನಂಬಿಕೆಯ ಮೇಲೆ ಹೊರಿಸಿದ ಹೊರೆ

ಬೀದರಿನ ಮಂಗಲಪೇಟೆಯ ಯುವಜನರ ಕೂಟದಲ್ಲಾಗಲಿ, ಭಾಲ್ಕಿ ಅಥವಾ ಔರಾದ ಕಡೆಯ ಹಳ್ಳಿಯೊಂದರ ಮನೆಕೂಟದಲ್ಲಾಗಲಿ, ಕಷ್ಟದಲ್ಲಿರುವ ಹುಡುಗನಿಗೋ ಹುಡುಗಿಗೋ ಹಿರಿಯರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ಮನುಷ್ಯರ ಕಡೆ ನೋಡಬೇಡ, ದೇವರ ಕಡೆ ನೋಡು, ನಂಬಿಕೆ ಗಟ್ಟಿಯಾಗಿದ್ದರೆ ಆತನೇ ದಾರಿ ತೆರೆಯುತ್ತಾನೆ. ಪರೀಕ್ಷೆಯಲ್ಲಿ ಫೇಲಾದವರಿಗೆ, ತಂದೆಯನ್ನು ಕಳೆದುಕೊಂಡವರಿಗೆ, ಹೈದರಾಬಾದಿನಲ್ಲಿ ಕೆಲಸ ಹೋಗಿ ಊರಿಗೆ ಮರಳಿದವರಿಗೆ, ಕಾರಣ ತಿಳಿಯದೆ ಒಳಗೊಳಗೇ ಕುಸಿಯುತ್ತಿರುವವರಿಗೆ ಇದೇ ಉತ್ತರ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬೀದರ ಸೀಮೆಯಲ್ಲಿ ಮೆಥೋಡಿಸ್ಟ್ ಸಭೆ ಬೇರುಬಿಟ್ಟದ್ದು ಹೆಚ್ಚಾಗಿ ಊರಾಚೆ ಇರಿಸಿದ್ದ ದಲಿತ ಕುಟುಂಬಗಳ ನಡುವೆ. ಹೊಲವಿಲ್ಲದ, ಬಾವಿ ಮುಟ್ಟುವ ಹಕ್ಕಿಲ್ಲದ, ಅಕ್ಷರದ ಬಾಗಿಲು ಮುಚ್ಚಿದ್ದ ಆ ಜನರಿಗೆ ದೇವರು ತಮ್ಮನ್ನೂ ಹೆಸರು ಹಿಡಿದು ಬಲ್ಲನೆಂಬ ಅರಿವೇ ದೊಡ್ಡ ಆಸ್ತಿಯಾಗಿತ್ತು. ಆ ಅರಿವಿನ ಬಲದಿಂದಲೇ ಅವರು ಬರಗಾಲ ದಾಟಿದರು, ಸಾವುಕಾರನ ಮುಂದೆ ತಲೆ ಎತ್ತಿದರು, ಮಕ್ಕಳನ್ನು ಶಾಲೆಗೆ ಕಳಿಸಿದರು. ಅಂಥ ಮನೆಯ ಹಿರಿಯರು ಇಂದು ಮೊಮ್ಮಕ್ಕಳಿಗೆ ನಂಬಿಕೆ ಇಡು ಎಂದರೆ ಅದು ಬದುಕಿ ಪಡೆದ ಮಾತು. ನನ್ನ ತಕರಾರು ಆ ಹಿರಿಯರ ಅನುಭವದೊಂದಿಗಿಲ್ಲ. ಆ ಅನುಭವಕ್ಕೆ ಅಂಟಿಕೊಂಡು ಬಂದಿರುವ, ಅದರ ಭಾಗವೇ ಅಲ್ಲದ ಕೆಲವು ತೀರ್ಮಾನಗಳೊಂದಿಗೆ ಇದೆ.

ಈ ಬೋಧನೆಯನ್ನು ಬಿಡಿಸಿ ನೋಡಿದರೆ ಒಂದೇ ಉಸಿರಿನಲ್ಲಿ ಹೇಳುವ ಮೂರು ಬೇರೆಬೇರೆ ಮಾತುಗಳು ಸಿಗುತ್ತವೆ.

1. ಕಷ್ಟದಲ್ಲಿ ದೇವರು ಕೈಬಿಡುವುದಿಲ್ಲ, ಜೊತೆಗಿರುತ್ತಾನೆ.

2. ಗಟ್ಟಿಯಾಗಿ ನಂಬಿದವರ ಕಷ್ಟ ತೀರುತ್ತದೆ.

3. ನಿಜವಾಗಿ ನಂಬಿದವರು ಬೇರೆ ಆಸರೆ ಹುಡುಕುವುದಿಲ್ಲ. ಹುಡುಕಿದರೆ ಅದು ನಂಬಿಕೆಯ ಕೊರತೆ.

ಮೊದಲನೆಯದು ಕ್ರೈಸ್ತ ಧರ್ಮದ ಹೃದಯ. ಅದನ್ನು ಬಿಟ್ಟರೆ ಶಿಲುಬೆಗೇ ಅರ್ಥವಿಲ್ಲ. ಆದರೆ ಮೊದಲನೆಯದು ನಿಜವಾದ ಮಾತ್ರಕ್ಕೆ ಎರಡನೆಯದಾಗಲಿ ಮೂರನೆಯದಾಗಲಿ ನಿಜವಾಗುವುದಿಲ್ಲ. ಜೊತೆಗಿರುವವನು ಹೊರೆಯನ್ನು ಇಳಿಸಿಯೇ ತೀರುತ್ತಾನೆಂಬ ನಿಯಮವಿಲ್ಲ. ಜೊತೆಗಿರುವವನು ಇತರರ ಕೈಯಿಂದ ನೆರವು ಕಳಿಸಬಾರದೆಂಬ ನಿಯಮವಂತೂ ಇಲ್ಲವೇ ಇಲ್ಲ. ಮೂರನ್ನೂ ಒಟ್ಟಿಗೆ ಕಟ್ಟಿ ಒಬ್ಬ ಹದಿನೆಂಟರ ಹುಡುಗನ ಕೈಗೆ ಕೊಟ್ಟಾಗ, ಎರಡನೆಯದು ಸುಳ್ಳಾದ ದಿನ ಮೊದಲನೆಯದನ್ನೂ ಅವನು ಸುಳ್ಳೆಂದುಕೊಳ್ಳುತ್ತಾನೆ. ನನ್ನ ಆತಂಕ ಇದು.

ಎರಡನೆಯ ಮಾತನ್ನು ಮೊದಲು ನೋಡೋಣ. ಔರಾದ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಪಿಯುಸಿ ವಿಜ್ಞಾನ ಓದಿದ್ದಾನೆ. ನೀಟ್ ಕೋಚಿಂಗಿಗೆಂದು ಮನೆಯವರು ಸಾಲ ಮಾಡಿದ್ದಾರೆ. ಮಳೆ ಹೆಚ್ಚಾಗಿ ತೊಗರಿ, ಸೋಯಾ ಎರಡೂ ಹಾಳಾಗಿವೆ. ಅವನಿಗಾಗಿ ಉಪವಾಸ ಪ್ರಾರ್ಥನೆ ನಡೆದಿದೆ, ಪಾಸ್ಟರ್ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದ್ದಾರೆ. ಫಲಿತಾಂಶ ಬಂದಾಗ ಸೀಟು ಸಿಕ್ಕರೆ ಮುಂದಿನ ಭಾನುವಾರ ಅವನನ್ನು ಮುಂದೆ ಕರೆದು ಸಾಕ್ಷಿ ಹೇಳಿಸುತ್ತಾರೆ. ಸಿಗದಿದ್ದರೆ? ದೇವರಲ್ಲಿ ತಪ್ಪು ಹುಡುಕುವಂತಿಲ್ಲ, ಪ್ರಾರ್ಥಿಸಿದ ಹಿರಿಯರಲ್ಲೂ ಹುಡುಕುವಂತಿಲ್ಲ. ಉಳಿದವನು ಹುಡುಗನೊಬ್ಬನೇ. ಅವನ ನಂಬಿಕೆಯಲ್ಲೇ ಎಲ್ಲೋ ಬಿರುಕಿತ್ತು ಎಂಬ ತೀರ್ಮಾನಕ್ಕೆ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರೂ ಬರುತ್ತಾರೆ, ಎಲ್ಲರಿಗಿಂತ ಮೊದಲು ಅವನೇ ಬರುತ್ತಾನೆ. ಈ ತರ್ಕದ ರಚನೆಯನ್ನು ಗಮನಿಸಬೇಕು. ಗೆದ್ದರೆ ಅದು ನಂಬಿಕೆಗೆ ಪುರಾವೆ, ಸೋತರೆ ನಂಬಿಕೆ ಸಾಲದ್ದಕ್ಕೆ ಪುರಾವೆ. ಯಾವ ಫಲಿತಾಂಶ ಬಂದರೂ ಬೋಧನೆ ಗೆಲ್ಲುತ್ತದೆ. ಸೋಲುವುದು ಬೋಧನೆ ಕೇಳಿದವನು ಮಾತ್ರ. ಯಾವ ಸನ್ನಿವೇಶದಲ್ಲೂ ಸುಳ್ಳಾಗಲಾರದ ಮಾತು ಆ ಸನ್ನಿವೇಶದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದು ಮಾಡುವ ಕೆಲಸ ಒಂದೇ, ಮೊದಲೇ ನೊಂದವನ ತಲೆಗೆ ಅಪರಾಧವನ್ನೂ ಕಟ್ಟುವುದು.

ನಮ್ಮ ದೇಶದಲ್ಲಿ 2022ರ ಒಂದೇ ವರ್ಷದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಜೀವ ತಾವೇ ತೆಗೆದುಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿ ಹೇಳುತ್ತದೆ. ಇದಕ್ಕೆ ಧರ್ಮಬೋಧೆಯೇ ಕಾರಣವೆಂದು ನಾನು ಹೇಳುತ್ತಿಲ್ಲ; ಕಾರಣಗಳು ನೂರಾರು. ಆದರೆ ಅಂಥ ಅಂಚಿನಲ್ಲಿ ನಿಂತಿರಬಹುದಾದ ಮಗುವಿಗೆ ದೇವರೂ ತನ್ನನ್ನು ಫೇಲು ಮಾಡಿದನೆಂಬ ಭಾವನೆ ಬರುವಂತೆ ಮಾತಾಡುವುದು ಎಷ್ಟು ಅಪಾಯದ್ದು ಎಂಬುದನ್ನು ಸಭೆಯ ಹಿರಿಯರು ಕೂತು ಯೋಚಿಸಲೇಬೇಕು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದೇ. ಯೇಸು ತಾನೇ ಎಷ್ಟೋ ರೋಗಿಗಳಿಗೆ ಅವರ ನಂಬಿಕೆಯೇ ಅವರನ್ನು ಗುಣಪಡಿಸಿತು ಎಂದು ಹೇಳಿಲ್ಲವೇ? ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದರೆ ಬೆಟ್ಟವೂ ಸರಿಯುತ್ತದೆ ಎಂದಿಲ್ಲವೇ? ಹೌದು, ಹೇಳಿದ್ದಾನೆ. ಆದರೆ ಸಾಸಿವೆ ಕಾಳಿನ ಮಾತಿನ ಒತ್ತು ಇರುವುದೇ ಅದರ ಸಣ್ಣತನದ ಮೇಲೆ. ಅಷ್ಟು ಸಣ್ಣದು ಸಾಕು ಎಂದ ಮೇಲೆ ನಿನ್ನದು ಸಾಲಲಿಲ್ಲ ಎಂದು ಒಬ್ಬ ಹುಡುಗಿಗೆ ಹೇಳಲು ನಮಗೆ ಯಾವ ಅಧಿಕಾರ? ಇನ್ನು ಗುಣವಾದವರ ಕಥೆಗಳು. ಅವರು ನಂಬಿದರು, ಗುಣವಾದರು ಎಂಬುದರಿಂದ ಗುಣವಾಗದವರು ನಂಬಲಿಲ್ಲ ಎಂದು ಹೊರಡುವುದಿಲ್ಲ. ಇದು ತರ್ಕದ ಮೊದಲ ಪಾಠ. ಸತ್ಯವೇದ ಈ ಪಾಠವನ್ನು ನಮಗಿಂತ ಚೆನ್ನಾಗಿ ಬಲ್ಲದು. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯವನ್ನು ನಂಬಿಕೆಯ ವೀರರ ಪಟ್ಟಿಯೆಂದು ನಾವು ಯುವಜನರಿಗೆ ಓದಿಸುತ್ತೇವೆ. ರಾಜ್ಯಗಳನ್ನು ಗೆದ್ದವರು, ಸಿಂಹಗಳ ಬಾಯಿ ಕಟ್ಟಿದವರು, ಕತ್ತಿಯ ಅಲಗಿನಿಂದ ಪಾರಾದವರು ಅಲ್ಲಿದ್ದಾರೆ. ಅಲ್ಲಿಗೇ ಓದು ನಿಲ್ಲಿಸುವುದು ರೂಢಿ. ಅದರ ಬೆನ್ನಿಗೇ, ಉಸಿರು ತೆಗೆದುಕೊಳ್ಳದೆ, ಆ ಲೇಖಕ ಇನ್ನೊಂದು ಗುಂಪನ್ನು ಹೆಸರಿಸುತ್ತಾನೆ: ಕಲ್ಲೆಸೆತಕ್ಕೆ ಸತ್ತವರು, ಗರಗಸದಿಂದ ಕೊಯ್ಯಲ್ಪಟ್ಟವರು, ಅದೇ ಕತ್ತಿಯಿಂದ ಹತರಾದವರು, ಕುರಿಚರ್ಮ ಹೊದ್ದು ಗುಹೆಗಳಲ್ಲಿ ಅಲೆದವರು. ಇವರ ನಂಬಿಕೆ ಕಡಿಮೆಯಿತ್ತೆಂದು ಅವನು ಹೇಳುವುದಿಲ್ಲ. ಎರಡೂ ಗುಂಪಿನವರದು ಒಂದೇ ನಂಬಿಕೆ, ಒಂದೇ ಮೆಚ್ಚುಗೆ. ಕತ್ತಿಯಿಂದ ತಪ್ಪಿಸಿಕೊಂಡವನನ್ನೂ ಕತ್ತಿಗೆ ಬಲಿಯಾದವನನ್ನೂ ಒಂದೇ ಪಟ್ಟಿಯಲ್ಲಿ ಇಟ್ಟ ಮೇಲೆ ನಂಬಿಕೆಯನ್ನು ಫಲಿತಾಂಶದಿಂದ ಅಳೆಯುವ ದಾರಿಯನ್ನೇ ಆ ಅಧ್ಯಾಯ ಮುಚ್ಚಿಬಿಟ್ಟಿದೆ. ಯೋಬನ ಗ್ರಂಥ ಹೇಳುವುದೂ ಇದನ್ನೇ. ಯೋಬನ ಗೆಳೆಯರು ಬಂದು ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸವೆಂದರೆ ಅದೊಂದೇ. ಬಾಯಿ ತೆರೆದ ಮೇಲೆ ನಿನ್ನಲ್ಲೇ ಏನೋ ಕುಂದಿದೆ ಎಂದು ಪಾಠ ಶುರುಮಾಡಿದರು. ಕೊನೆಗೆ ದೇವರ ಕೋಪಕ್ಕೆ ಗುರಿಯಾದವರು ಅವರೇ, ಪ್ರಶ್ನೆ ಕೇಳಿದ ಯೋಬನಲ್ಲ.

ಮೂರನೆಯ ಮಾತು ಇನ್ನೂ ಸೂಕ್ಷ್ಮ, ಯಾಕೆಂದರೆ ಅದು ಭಕ್ತಿಯ ವೇಷದಲ್ಲಿ ಬರುತ್ತದೆ. ಡಾಕ್ಟರು, ಸರ್ಕಾರಿ ಕಚೇರಿ, ವಕೀಲ, ಸಮಾಲೋಚಕರು ಎಂದು ಓಡುವವನು ದೇವರನ್ನು ಪೂರ್ತಿ ನಂಬಿಲ್ಲ ಎಂಬ ಭಾವನೆ ಅದು. ಇದು ಹೇಗೆ ಹುಟ್ಟಿತೆಂದು ಯೋಚಿಸಿದರೆ, ನಾವು ಪವಿತ್ರವಾಗಿ ಕಾಪಾಡಿಕೊಂಡು ಬಂದ ಕಥೆಗಳಲ್ಲಿ ಅರ್ಧವನ್ನಷ್ಟೇ ನೆನಪಿಟ್ಟುಕೊಂಡಿದ್ದೇವೆ ಅನಿಸುತ್ತದೆ. ಇದು ಕ್ರೈಸ್ತರಿಗಷ್ಟೇ ಸೀಮಿತವಾದ ಮರೆವಲ್ಲ. ಬೀದರಿನಿಂದ ಸ್ವಲ್ಪವೇ ದೂರದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅವುಗಳಲ್ಲಿ ಅಹ್ಮದ್ ಶಾಹನ ಗೋರಿಗೆ ಇಂದಿಗೂ ಮುಸ್ಲಿಮರೂ ಲಿಂಗಾಯತರೂ ನಡೆದುಕೊಳ್ಳುತ್ತಾರೆ. ಉರುಸಿನಲ್ಲಿ ಜಂಗಮರು ಬಂದು ಮುಂದೆ ನಿಲ್ಲುತ್ತಾರೆ. ಅವನನ್ನು ಅಲ್ಲಮಪ್ರಭುವೆಂದೇ ಕಾಣುವ ಭಕ್ತರಿದ್ದಾರೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದು 1436ರಲ್ಲಿ ತೀರಿಕೊಂಡ ಈ ಸುಲ್ತಾನನಿಗೆ ವಲಿ, ಅಂದರೆ ಸಂತ, ಎಂಬ ಹೆಸರು ಬಂದದ್ದು ಒಂದು ಪ್ರಾರ್ಥನೆಯಿಂದ. ಬರಗಾಲ ಬಿದ್ದಾಗ ಅವನು ದೇವರಲ್ಲಿ ಮೊರೆಯಿಟ್ಟ, ಮಳೆ ಬಂತು, ಜನ ಅವನನ್ನು ವಲಿಯೆಂದು ಕರೆದರು. ಈ ಭಾಗ ಎಲ್ಲರಿಗೂ ಗೊತ್ತು. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿದ್ದ ಚರಿತ್ರೆಕಾರ ಫೆರಿಷ್ತಾ ಅದಕ್ಕೂ ಹಿಂದಿನದನ್ನು ದಾಖಲಿಸಿದ್ದಾನೆ: ಬರದ ಮೊದಲ ವರ್ಷದಲ್ಲೇ ಸುಲ್ತಾನ ಸರ್ಕಾರದ ಧಾನ್ಯದ ಕಣಜಗಳನ್ನು ಬಡವರಿಗೆ ತೆರೆದಿದ್ದ. ಮರುವರ್ಷವೂ ಮಳೆ ಕೈಕೊಟ್ಟಾಗ, ಮನುಷ್ಯರ ಕೈಯಲ್ಲಿ ಮಾಡಲು ಇನ್ನೇನೂ ಉಳಿಯದಿದ್ದಾಗ, ಪ್ರಾರ್ಥನೆಗೆ ನಿಂತ. ಮಳೆ ತಂದ ಪ್ರಾರ್ಥನೆ ಜನರ ನಾಲಗೆಯ ಮೇಲೆ ಉಳಿಯಿತು, ಅದಕ್ಕೆ ಮೊದಲು ಹೊಟ್ಟೆ ತುಂಬಿಸಿದ ಜೋಳ ಮರೆತುಹೋಯಿತು. ಕಣಜಕ್ಕೆ ಬೀಗ ಹಾಕಿಕೊಂಡು ಮಳೆಗೆ ಕೈಯೆತ್ತಿದ್ದರೆ ಅವನನ್ನು ಯಾರಾದರೂ ವಲಿ ಎನ್ನುತ್ತಿದ್ದರೇ?

ನಮ್ಮ ಕೂಟಗಳಲ್ಲಿ ಅತಿ ಹೆಚ್ಚು ಸಲ ಹೇಳುವ ಕಥೆಗೂ ಇದೇ ಆಗಿದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ, ಸೀಲ ಇಬ್ಬರ ಕಾಲಿಗೆ ಕೊರಡು ಹಾಕಿದ್ದರು, ಬೆನ್ನಲ್ಲಿ ಏಟಿನ ಬಾಸುಂಡೆಗಳಿದ್ದವು. ನಡುರಾತ್ರಿ ಅವರು ಹಾಡುತ್ತಿದ್ದರು. ಭೂಮಿ ನಡುಗಿ ಬಾಗಿಲುಗಳು ತೆರೆದವು. ಪ್ರಸಂಗ ಇಲ್ಲಿಗೆ, ಹೆಚ್ಚೆಂದರೆ ಸೆರೆಯ ಯಜಮಾನನ ದೀಕ್ಷಾಸ್ನಾನಕ್ಕೆ, ಮುಗಿಯುತ್ತದೆ. ಅಪೊಸ್ತಲರ ಕೃತ್ಯಗಳ ಹದಿನಾರನೆಯ ಅಧ್ಯಾಯ ಅಲ್ಲಿಗೆ ಮುಗಿಯುವುದಿಲ್ಲ. ಬೆಳಗಾದ ಮೇಲೆ ಅಧಿಕಾರಿಗಳು ಇವರನ್ನು ಸದ್ದಿಲ್ಲದೆ ಬಿಟ್ಟು ಕಳಿಸಲು ನೋಡಿದಾಗ ಪೌಲ ಹೊರಡಲು ಒಪ್ಪುವುದಿಲ್ಲ. ನಾವು ರೋಮ್ ಪೌರರು, ವಿಚಾರಣೆಯೇ ಇಲ್ಲದೆ ಎಲ್ಲರೆದುರು ನಮ್ಮನ್ನು ಹೊಡೆಸಿದ್ದಾರೆ, ಈಗ ಗುಟ್ಟಾಗಿ ಕಳಿಸುವುದೆಂದರೇನು, ಅವರೇ ಬಂದು ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿಯುತ್ತಾನೆ. ಅಧಿಕಾರಿಗಳು ಹೆದರಿ ಬಂದು ಬೇಡಿಕೊಳ್ಳುತ್ತಾರೆ. ರಾತ್ರಿ ಹಾಡಿದವನೂ ಬೆಳಿಗ್ಗೆ ಕಾನೂನು ಕೇಳಿದವನೂ ಒಬ್ಬನೇ ಮನುಷ್ಯ. ಅವನ ಒಂದು ಕೆಲಸ ಇನ್ನೊಂದನ್ನು ಅಳಿಸಲಿಲ್ಲ. ಮುಂದೆ ಜೀವಕ್ಕೇ ಅಪಾಯ ಬಂದಾಗ ಕೈಸರನಿಗೆ ಅಪೀಲು ಹೋಗುವವನೂ ಇದೇ ಪೌಲ. ನಮ್ಮ ಯುವಕರಿಗೆ ರಾತ್ರಿಯ ಹಾಡನ್ನು ಕಲಿಸಿ ಬೆಳಗಿನ ಹಕ್ಕೊತ್ತಾಯವನ್ನು ಬಚ್ಚಿಟ್ಟರೆ ಅದು ಅರ್ಧ ಸುವಾರ್ತೆ.

ಬೀದರಿನ ಕ್ರೈಸ್ತ ಯುವಕರಿಗೆ ಇದು ಪುಸ್ತಕದ ಮಾತಲ್ಲ. 1950ರ ರಾಷ್ಟ್ರಪತಿಗಳ ಪರಿಶಿಷ್ಟ ಜಾತಿ ಆದೇಶ ಪರಿಶಿಷ್ಟ ಜಾತಿಗಳ ಪಟ್ಟಿಯನ್ನು ಮೊದಲು ಹಿಂದೂಗಳಿಗಷ್ಟೇ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗೇ ಇದ್ದಾರೆ. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಈ ಧರ್ಮದ ಕಟ್ಟನ್ನು ತೆಗೆಯಬೇಕೆಂದು ಶಿಫಾರಸು ಮಾಡಿತು; ಈ ಕುರಿತ ಪ್ರಕರಣ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ; 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಇತ್ತ ಹಳ್ಳಿಯಲ್ಲಿ ದೀಕ್ಷಾಸ್ನಾನವಾದ ಮಾತ್ರಕ್ಕೆ ಯಾರ ಜಾತಿಯನ್ನೂ ಊರು ಮರೆತಿಲ್ಲ. ಜಾತಿಪ್ರಮಾಣ ಪತ್ರಕ್ಕಾಗಿ ತಹಶೀಲ್ದಾರರ ಕಚೇರಿಗೆ ಅಲೆಯುವ ಹುಡುಗಿಯ ಸಂಕಟವನ್ನು ಶೋಧನೆ ಎಂದು ಕರೆದು, ತಾಳಿಕೋ ತಂಗಿ, ದೇವರು ನೋಡಿಕೊಳ್ಳುತ್ತಾನೆ ಎಂದರೆ ಏನಾಗುತ್ತದೆ? ಮನುಷ್ಯರು ಬರೆದ ಆದೇಶವೊಂದು ದೇವರ ಚಿತ್ತವಾಗಿ ಮಾರ್ಪಡುತ್ತದೆ. ಮಳೆ ಬಾರದ್ದು ಒಂದು ಬಗೆಯ ಕಷ್ಟ, ಕಾಯಿಲೆ ಇನ್ನೊಂದು, ಯಾರೋ ಯಾರಿಗೋ ಮಾಡಿದ ಅನ್ಯಾಯ ಮತ್ತೊಂದು. ಮೂರಕ್ಕೂ ಒಂದೇ ಔಷಧ ಬರೆಯುವವರು ರೋಗಿಯನ್ನು ನೋಡಿಯೇ ಇಲ್ಲ.

ಕಾಯಿಲೆಯ ವಿಷಯದಲ್ಲಿ ಈ ಗೊಂದಲದ ಬೆಲೆ ನೇರವಾಗಿ ಜೀವದಿಂದ ತೆರಬೇಕಾಗುತ್ತದೆ. ಕ್ಷಯರೋಗವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಆರು ತಿಂಗಳು ಮಾತ್ರೆ ನುಂಗಬೇಕು. ಮೊದಲ ಕೆಲವು ವಾರಗಳಲ್ಲೇ ಕೆಮ್ಮು ಇಳಿಯುತ್ತದೆ, ಜ್ವರ ಬಿಡುತ್ತದೆ, ಮುಖಕ್ಕೆ ಕಳೆ ಬರುತ್ತದೆ. ಅದೇ ಹೊತ್ತಿಗೆ ಪ್ರಾರ್ಥನೆಯೂ ನಡೆದಿರುತ್ತದೆ. ರೋಗಿ ಗುಣವಾದೆನೆಂದು ಸಾಕ್ಷಿ ಹೇಳಿ ಮಾತ್ರೆ ಬಿಡುತ್ತಾನೆ. ಮಾತ್ರೆ ಮುಂದುವರಿಸಿದರೆ ತನ್ನ ಸಾಕ್ಷಿಗೇ ಅವಮಾನವೆಂಬ ಅಳುಕು ಬೇರೆ. ಒಳಗೆ ಉಳಿದ ರೋಗಾಣು ಔಷಧಕ್ಕೆ ಬಗ್ಗದ ರೂಪ ಪಡೆದು ಮರಳುವ ಅಪಾಯವಿದೆ, ಆಗ ಮನೆಯವರಿಗೂ ಹರಡುತ್ತದೆ. ಮೂರ್ಛೆರೋಗದಲ್ಲಿ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತು. ಪೌಲ ತಿಮೊಥೆಯನಿಗೆ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸವನ್ನು ಮದ್ದಾಗಿ ಸೂಚಿಸಿದವನು. ಮೆಥೋಡಿಸ್ಟ್ ಸಭೆಯ ಮೂಲಪುರುಷ ಜಾನ್ ವೆಸ್ಲಿ 1746ರಲ್ಲಿ ಲಂಡನ್ನಿನಲ್ಲಿ ಬಡವರಿಗಾಗಿ ಔಷಧಾಲಯ ತೆರೆದ, ಮರುವರ್ಷ ಮನೆಮದ್ದಿನ ಪುಸ್ತಕವನ್ನೇ ಬರೆದು ಪ್ರಕಟಿಸಿದ, ಸಣ್ಣ ವ್ಯಾಪಾರಿಗಳಿಗೆ ಸಾಲ ಕೊಡುವ ನಿಧಿ ಕಟ್ಟಿದ. ಅವನ ಹೆಸರು ಹೇಳುವ ಸಭೆಯೇ ಬೀದರಿನಲ್ಲಿ ಮಿಷನ್ ಆಸ್ಪತ್ರೆ ಕಟ್ಟಿತು, ಶಾಲೆಗಳನ್ನು ನಡೆಸಿತು. ಆಸ್ಪತ್ರೆ ಕಟ್ಟಿದ ಕೈಗಳಿಗೆ ನಂಬಿಕೆ ಕಡಿಮೆಯಿತ್ತೆಂದು ಹೇಳುವ ಧೈರ್ಯ ಯಾರಿಗಿದೆ?

ಮನಸ್ಸಿನ ಕಾಯಿಲೆಗೆ ಬಂದಾಗ ಮಾತ್ರ ಈ ತಿಳಿವಳಿಕೆ ನಮ್ಮನ್ನು ಬಿಟ್ಟುಹೋಗುತ್ತದೆ. ಮುರಿದ ಕಾಲಿಗೆ ಪಟ್ಟಿ ಕಟ್ಟಿಸುವವರೂ ಕುಸಿದ ಮನಸ್ಸಿಗೆ ಇನ್ನೂ ಹೆಚ್ಚು ಪ್ರಾರ್ಥನೆ ಮಾಡು ಎನ್ನುತ್ತಾರೆ. ಅವರು ಎಲೀಯನ ಕಥೆಯ ಎರಡನೆಯ ಅರ್ಧವನ್ನು ಓದಬೇಕು. ಕರ್ಮೆಲ್ ಬೆಟ್ಟದಲ್ಲಿ ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ ಮುಂದಿನ ಅಧ್ಯಾಯದಲ್ಲೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ಸಾವನ್ನು ಬೇಡುತ್ತಾನೆ. ಅಷ್ಟು ದೊಡ್ಡ ನಂಬಿಕೆಯವನಿಗೂ ಆ ಸ್ಥಿತಿ ಬಂತು. ಆಗ ಬಂದ ದೂತ ಅವನ ನಂಬಿಕೆಯನ್ನು ಪರೀಕ್ಷಿಸಲಿಲ್ಲ, ಬೆಟ್ಟದ ಮೇಲಿನ ಅದ್ಭುತವನ್ನು ನೆನಪಿಸಿ ಗದರಿಸಲಿಲ್ಲ. ಮಲಗಿದ್ದವನನ್ನು ತಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆಯಲ್ಲಿ ನೀರು ತಲೆಯ ಬಳಿ ಇತ್ತು. ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದ. ದೇವರು ಅವನೊಡನೆ ಮಾತಾಡಿದ್ದು ಇದೆಲ್ಲ ಆದ ಮೇಲೆ, ಎಷ್ಟೋ ದಿನಗಳ ನಂತರ. ನಿದ್ದೆ, ಊಟ, ಪಕ್ಕದಲ್ಲೊಬ್ಬರು ಎಂಬ ಈ ಕ್ರಮವನ್ನು ಇಂದಿನ ಯಾವ ಮನೋವೈದ್ಯರಾದರೂ ಮೆಚ್ಚುತ್ತಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ, ಪುಕ್ಕಟೆಯಾಗಿ ಮಾತಾಡುವವರು ಸಿಗುತ್ತಾರೆ. ಆ ಸಂಖ್ಯೆಯನ್ನು ಸಭೆಯ ನೋಟಿಸ್ ಬೋರ್ಡಿನಲ್ಲಿ ಪ್ರಾರ್ಥನಾ ಸಮಯದ ಪಕ್ಕದಲ್ಲೇ ಬರೆದರೆ ದೇವರಿಗೆ ಯಾವ ಕೊರತೆಯೂ ಆಗುವುದಿಲ್ಲ.

ಹಾಗಾದರೆ ನಂಬಿಕೆಗೆ ಏನು ಕೆಲಸ ಉಳಿಯಿತು ಎಂದು ಕೇಳುವವರಿದ್ದಾರೆ. ಕಾಯಿಲೆಗೆ ಡಾಕ್ಟರು, ಅನ್ಯಾಯಕ್ಕೆ ಕೋರ್ಟು, ಸಾಲಕ್ಕೆ ಬ್ಯಾಂಕು ಎಂದಾದರೆ ದೇವರು ಮೂಲೆಗುಂಪಾದನಲ್ಲವೇ? ಈ ಪ್ರಶ್ನೆಯಲ್ಲೇ ದೋಷವಿದೆ. ದೇವರು ಮತ್ತು ಡಾಕ್ಟರು ಒಂದೇ ಕುರ್ಚಿಗಾಗಿ ಪೈಪೋಟಿ ಮಾಡುತ್ತಿದ್ದಾರೆ, ಒಬ್ಬರು ಕೂತರೆ ಇನ್ನೊಬ್ಬರು ಏಳಬೇಕು ಎಂದು ಅದು ಊಹಿಸಿಕೊಂಡಿದೆ. ಆ ಊಹೆ ದೇವರನ್ನು ತೀರ ಸಣ್ಣವನನ್ನಾಗಿ ಮಾಡುತ್ತದೆ. ಕೆಲಸವಂತೂ ಬೇಕಾದಷ್ಟು ಉಳಿದಿದೆ. ಆರು ತಿಂಗಳ ಮಾತ್ರೆಯನ್ನು ಬೇಸರವಿಲ್ಲದೆ ನುಂಗಲು ಬೇಕಾದ ತಾಳ್ಮೆ, ಎಪ್ಪತ್ತಕ್ಕೂ ಹೆಚ್ಚು ವರ್ಷದಿಂದ ಇತ್ಯರ್ಥವಾಗದ ಹಕ್ಕಿಗಾಗಿ ದ್ವೇಷ ಬೆಳೆಸಿಕೊಳ್ಳದೆ ಹೋರಾಡುವ ಗಟ್ಟಿತನ, ಸೀಟು ಸಿಗದ ದಿನವೂ ನಾನು ಬೆಲೆಯಿಲ್ಲದವನಲ್ಲ ಎಂಬ ಅರಿವು ಎಲ್ಲಿಂದ ಬರಬೇಕು? ಇನ್ನು ಯಾವ ಡಾಕ್ಟರೂ ಯಾವ ಕಾನೂನೂ ಮುಟ್ಟಲಾರದ ಕಷ್ಟವಿದೆ. ಇಪ್ಪತ್ತರ ವಯಸ್ಸಿನಲ್ಲಿ ತಾಯಿಯನ್ನು ಮಣ್ಣು ಮಾಡಿ ಬಂದ ಹುಡುಗಿಯ ಮುಂದೆ ಪರಿಹಾರವೆಂಬುದೇ ಇಲ್ಲ. ನಮ್ಮ ಹಿರಿಯರ ನಂಬಿಕೆ ಅಂಥ ಕಡೆ ಎಷ್ಟು ಭಾರ ತಾಳಬಲ್ಲದೆಂದು ನಾವು ಕಂಡಿದ್ದೇವೆ. ಪರೀಕ್ಷೆಯ ಅಂಕಕ್ಕೂ ಜ್ವರ ಇಳಿಯುವುದಕ್ಕೂ ಅದನ್ನು ಜಾಮೀನು ನಿಲ್ಲಿಸಿ, ಅಲ್ಲಿ ಅದು ಸೋತಿತೆಂದು ಹುಡುಗರಿಗೆ ಅನಿಸುವಂತೆ ಮಾಡಿಬಿಟ್ಟರೆ, ನಿಜವಾಗಿ ಬೇಕಾದ ದಿನ ಅದರ ಕಡೆ ಅವರು ತಿರುಗಿಯೂ ನೋಡುವುದಿಲ್ಲ.

ಕಷ್ಟವೇ ಯುವಕರನ್ನು ಪುಟಕ್ಕಿಡುತ್ತದೆ, ಹೊರಗಿನ ಆಸರೆ ಸುಲಭವಾಗಿ ಸಿಕ್ಕರೆ ಅವರು ಮಾಗುವುದಿಲ್ಲ ಎಂಬ ವಾದವೂ ಇದೆ. ಕಷ್ಟ ತಾಳ್ಮೆಯನ್ನು ಹುಟ್ಟಿಸುತ್ತದೆಂದು ಪೌಲನೂ ಯಾಕೋಬನೂ ಬರೆದದ್ದು ನಿಜ. ಆದರೆ ಅವರು ಬರೆದದ್ದು ಕಷ್ಟದಲ್ಲಿರುವವರಿಗೆ, ಅವರು ಎದೆಗುಂದದಿರಲೆಂದು. ಪಕ್ಕದಲ್ಲಿ ನಿಂತು ನೋಡುವವನಿಗೆ ಸುಮ್ಮನಿರಲು ಪರವಾನಗಿಯೆಂದು ಬರೆದದ್ದಲ್ಲ. ಬಟ್ಟೆಯಿಲ್ಲದ, ಅನ್ನವಿಲ್ಲದ ಸಹೋದರನಿಗೆ ಹಾರೈಕೆಯ ಮಾತನ್ನಷ್ಟೇ ಹೇಳಿ ಕಳಿಸುವವನ ನಂಬಿಕೆ ಸತ್ತ ನಂಬಿಕೆ ಎಂದು ತೀರ್ಪು ಕೊಟ್ಟವನು ಅದೇ ಯಾಕೋಬ. ತನ್ನ ನೋವಿಗೆ ಅರ್ಥ ಕಂಡುಕೊಳ್ಳುವ ಹಕ್ಕು ನೊಂದವಳದು. ಅವಳ ಪರವಾಗಿ ಆ ಅರ್ಥವನ್ನು ನಾವು ಮೊದಲೇ ಬರೆದಿಟ್ಟುಕೊಂಡು ಹೋಗುವಂತಿಲ್ಲ.

ಕೊನೆಯ ಆತಂಕ ಸಭಾಪಾಲಕರದು: ಅನುಮಾನಕ್ಕೆ, ಪ್ರಶ್ನೆಗೆ ಜಾಗ ಕೊಟ್ಟರೆ ಯುವಕರು ಸಭೆ ಬಿಟ್ಟುಹೋಗುತ್ತಾರೆ. ಬಿಟ್ಟುಹೋಗುವವರು ಇದ್ದಾರೆ, ಈಗಲೂ ಹೋಗುತ್ತಿದ್ದಾರೆ. ಆದರೆ ಬಾಯಿಬಿಟ್ಟು ಕೇಳಿ ಹೋಗುವವರಿಗಿಂತ ಕೇಳಲಾಗದೆ ಮೆಲ್ಲಗೆ ಜಾರಿಕೊಳ್ಳುವವರೇ ಹೆಚ್ಚು ಎಂದು ನನ್ನ ಅನಿಸಿಕೆ. ಪುಣೆಗೋ ಹೈದರಾಬಾದಿಗೋ ಹೋದ ಮೇಲೆ ಅವರು ಭಾನುವಾರ ಎಲ್ಲಿರುತ್ತಾರೆಂದು ಯಾರಿಗೂ ತಿಳಿಯುವುದಿಲ್ಲ. ನಮ್ಮ ಕೂಟಗಳಲ್ಲಿ ಸಾಕ್ಷಿ ಹೇಳುವ ಅವಕಾಶ ಯಾರಿಗೆ ಸಿಗುತ್ತದೆಂದು ಗಮನಿಸಿದರೆ ಕಾರಣ ತಿಳಿಯುತ್ತದೆ. ಗುಣವಾದವರು, ನೌಕರಿ ಸಿಕ್ಕವರು, ವೀಸಾ ಬಂದವರು ಮೈಕಿನ ಮುಂದೆ ನಿಲ್ಲುತ್ತಾರೆ. ಪ್ರಾರ್ಥಿಸಿಯೂ ಸಿಗದವರು ಕೊನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಎಂಬತ್ತೆಂಟನೆಯ ಕೀರ್ತನೆ ಬಿಡುಗಡೆಯ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ; ಆದರೂ ಅದನ್ನು ಕೀರ್ತನೆಗಳ ಪುಸ್ತಕದಿಂದ ಯಾರೂ ತೆಗೆದುಹಾಕಲಿಲ್ಲ, ಜನಾಂಗವೇ ಕೂಡಿ ಹಾಡುವ ಪುಸ್ತಕದಲ್ಲಿ ಅದಕ್ಕೂ ಸ್ಥಾನ ಕೊಟ್ಟರು. ಹಾಗೆಯೇ ನಮ್ಮ ಯುವಜನರ ಕೂಟದಲ್ಲಿಯೂ ಕಷ್ಟ ಇನ್ನೂ ತೀರದವರನ್ನು ಮುಂದೆ ಕರೆಯಬೇಕು, ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಬೇಕು. ಆಮೇಲೆ ಪ್ರಾರ್ಥನೆ ಮಾಡಲಿ. ಪ್ರಾರ್ಥನೆ ಮುಗಿದ ಮೇಲೆ ಯಾರಾದರೂ ಒಬ್ಬರು, ಲೆಕ್ಕ ಬಲ್ಲವರೋ ಕಾನೂನು ಬಲ್ಲವರೋ, ಆ ಹುಡುಗನ ಮನೆಯ ಸಾಲದ ಕಾಗದಗಳನ್ನು ತರಿಸಿ ಅವನ ಜೊತೆ ಕೂತು ನೋಡಲಿ.